ಮನೆ ಸೀಳುವ ಮಣ್ಣೇ ಮೆಟ್ರೋ ಕಂಬದ ಗುಂಡಿ ಕಾಯುತ್ತೆ: ಬೆಂಟೊನೈಟ್ ಎಂಬ ಜೇಡಿಯ ಕತೆ

ನವಲಗುಂದ ತಾಲೂಕಿನಲ್ಲಿರುವ ನನ್ನ ಸೋದರಮಾವನ ಮನೆಗೋಡೆಯಲ್ಲಿ ಒಂದು ಬಿರುಕಿದೆ. ಅಡುಗೆಮನೆ ಕಿಟಕಿಯ ಮೂಲೆಯಿಂದ ಹೊರಟು, ಓರೆಯಾಗಿ ಮೇಲೆ ಹತ್ತಿ, ಸ್ಲ್ಯಾಬಿನ ಹತ್ತಿರ ಹೋಗಿ ನಿಂತಿದೆ. ಮನೆ ಕಟ್ಟಿದ ಎರಡನೇ ಬೇಸಿಗೆಗೆ ಕಾಣಿಸಿಕೊಂಡಿದ್ದು. ಏಪ್ರಿಲ್‌ನಲ್ಲಿ ಅದರೊಳಗೆ ಒಂದು ರೂಪಾಯಿ ನಾಣ್ಯ ಸಲೀಸಾಗಿ ಹೋಗುತ್ತೆ. ಶ್ರಾವಣದ ಹೊತ್ತಿಗೆ ಉಗುರೂ ಹೋಗಲ್ಲ.

"ಗೌಂಡಿ ಸಿಮೆಂಟ್ ತಿಂದಾನ" ಅನ್ನೋದು ಮಾಮಾನ ತೀರ್ಮಾನ. ಆ ಗೌಂಡಿ ಜೊತೆ ಮಾತು ಬಿಟ್ಟು ಎಂಟು ವರ್ಷವಾಯಿತು.

ಆ ಮನೆಯ ಭೂಮಿಪೂಜೆಗೆ ನಾನೂ ಹೋಗಿದ್ದೆ. ಆಗ ತಾನೇ ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಪೈಲಿಂಗ್ ಗುತ್ತಿಗೆದಾರರೊಬ್ಬರ ಕೈಕೆಳಗೆ ಸೈಟ್ ಇಂಜಿನಿಯರ್ ಆಗಿದ್ದೆ. ನನ್ನ ಕೆಲಸದ ದೊಡ್ಡ ಪಾಲು ಬೂದುಬಣ್ಣದ ಒಂದು ರಾಡಿಯನ್ನು ಅಳೆಯುವುದು. ಅದರ ಹೆಸರು ಬೆಂಟೊನೈಟ್. ಊರಿಗೆ ಬಂದು ಹೋಳಿಗೆ ಊಟ ಮಾಡಿದೆ, ಕಪ್ಪನೆಯ ಎರೆಮಣ್ಣಿನಲ್ಲಿ ಮೂರಡಿ ತೋಡಿದ್ದ ಪಾಯದ ಗುಂಡಿ ನೋಡಿದೆ, ವಾಪಸ್ ಬಸ್ ಹತ್ತಿದೆ. ನಾನು ಬೆಂಗಳೂರಿನಲ್ಲಿ ದಿನಾ ಅಳೆಯುತ್ತಿದ್ದ ರಾಡಿಯಲ್ಲೂ, ಮಾಮಾನ ಪಾಯದ ಕೆಳಗಿನ ಮಣ್ಣಿನಲ್ಲೂ ಇದ್ದದ್ದು ಒಂದೇ ಗುಂಪಿನ ಖನಿಜ ಅಂತ ಪರೀಕ್ಷೆಗೆ ಓದಿದ್ದೆ, ಎಂಟು ಅಂಕಕ್ಕೆ ಬರೆದೂ ಇದ್ದೆ. ಆ ಗುಂಡಿಯ ಮುಂದೆ ನಿಂತಾಗ ಮಾತ್ರ ಹೊಳೆಯಲಿಲ್ಲ.

ಈಗ ಇದೇ ಖನಿಜ ಮುಖಕ್ಕೆ ಹಚ್ಚುವ ಪುಡಿಯಾಗಿ, ಬೆಕ್ಕಿನ ಕಕ್ಕಸಿನ ಹರಳಾಗಿ, "ಹೊಟ್ಟೆ ಶುದ್ಧಿ" ಮಾಡುವ ಪೇಯವಾಗಿ ಮೊಬೈಲ್ ತೆರೆದರೆ ಎದುರಾಗುತ್ತೆ. ಯಾವುದು ನಿಜ, ಯಾವುದು ಬೊಗಳೆ ಅಂತ ಬಿಡಿಸಿ ನೋಡೋಕೆ ಈ ಮಣ್ಣಿನ ಎರಡು ಗುಣ ತಿಳಿದರೆ ಸಾಕು. ಅಲ್ಲಿಂದ ಶುರು ಮಾಡೋಣ.

ರೊಟ್ಟಿ ಅಟ್ಟಿ

ಜೇಡಿಮಣ್ಣು ಅಂದರೆ ನುಣ್ಣಗೆ ಪುಡಿಯಾದ ಮರಳು ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಅಲ್ಲ. ಮರಳಿನ ಕಣ ಎಷ್ಟು ಸಣ್ಣದಾದರೂ ಕಾಳಿನ ಹಾಗೆ. ಜೇಡಿಯ ಕಣ ಹಾಳೆಯ ಹಾಗೆ. ಬೆಂಟೊನೈಟ್‌ನಲ್ಲಿರುವ ಮುಖ್ಯ ಖನಿಜದ ಹೆಸರು ಮಾಂಟ್‌ಮೊರಿಲೊನೈಟ್. ಸಿಲಿಕಾದ ಎರಡು ಪದರ, ನಡುವೆ ಅಲ್ಯುಮಿನಾದ ಒಂದು ಪದರ, ಮೂರೂ ಸೇರಿ ಒಂದು ಹಾಳೆ. ದಪ್ಪ ಸುಮಾರು ಒಂದು ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಇಂಥ ಹಾಳೆಗಳು ಒಂದರ ಮೇಲೊಂದು, ನಮ್ಮ ಕಡೆ ಕಡಕ್ ರೊಟ್ಟಿ ಅಟ್ಟಿ ಇಟ್ಟ ಹಾಗೆ ಪೇರಿಸಿಕೊಂಡಿರುತ್ತವೆ.

ಮೊದಲನೇ ಗುಣ ಈ ರೊಟ್ಟಿಗಳ ನಡುವಿನ ಸಂದಿಯದ್ದು. ಕೆಯೊಲಿನೈಟ್ ಅನ್ನೋ ಇನ್ನೊಂದು ಜೇಡಿ ಖನಿಜ ಇದೆ. ಪಿಂಗಾಣಿ ಮಾಡುವ ಬಿಳಿ ಜೇಡಿಯಲ್ಲಿ ಇರುವುದು ಅದೇ. ಅದರಲ್ಲೂ ಪದರಗಳಿವೆ, ಆದರೆ ಒಂದಕ್ಕೊಂದು ಗಟ್ಟಿಯಾಗಿ ಕಚ್ಚಿಕೊಂಡಿರುತ್ತವೆ, ನೀರು ಒಳಗೆ ಹೋಗಲ್ಲ. ಮಾಂಟ್‌ಮೊರಿಲೊನೈಟ್‌ನ ಪದರಗಳ ಹಿಡಿತ ಸಡಿಲ. ನೀರು ಸಂದಿಗೆ ನುಗ್ಗಿ ಪದರಗಳನ್ನೇ ಎತ್ತಿಬಿಡುತ್ತೆ, ಮಣ್ಣು ಉಬ್ಬುತ್ತೆ. ಒಣಗಿದರೆ ನೀರು ಹೊರಟು ಪದರಗಳು ಕುಸಿದು ಕೂರುತ್ತವೆ, ಮಣ್ಣು ಕುಗ್ಗಿ ಸೀಳುತ್ತೆ. ಒಳಗಿನ ಸಂದಿಗಳೂ ಲೆಕ್ಕಕ್ಕೆ ಸಿಗುವುದರಿಂದ ಇದರ ಒಂದು ಗ್ರಾಂಗೆ ಹೆಚ್ಚೂಕಮ್ಮಿ 800 ಚದರ ಮೀಟರ್ ಮೇಲ್ಮೈ ಬರುತ್ತೆ. ಬೆಂಗಳೂರಿನ ಲೆಕ್ಕದಲ್ಲಿ ಹೇಳೋದಾದರೆ 30×40 ಸೈಟು ಏಳು. ಒಂದೇ ಒಂದು ಗ್ರಾಂನಲ್ಲಿ! ಕೆಯೊಲಿನೈಟ್‌ಗೆ ಇದು ಹತ್ತಿಪ್ಪತ್ತು ಚದರ ಮೀಟರ್ ಅಷ್ಟೇ.

ಎರಡನೇ ಗುಣ ವಿದ್ಯುದಂಶದ್ದು. ಹಾಳೆ ರೂಪುಗೊಳ್ಳುವಾಗ ಅಲ್ಯುಮಿನಿಯಂ ಕೂರಬೇಕಾದ ಕೆಲವು ಜಾಗದಲ್ಲಿ ಮೆಗ್ನೀಸಿಯಂ ಬಂದು ಕೂತಿರುತ್ತೆ. ಅಲ್ಯುಮಿನಿಯಂಗೆ ಮೂರು ಧನ ಆವೇಶ, ಮೆಗ್ನೀಸಿಯಂಗೆ ಎರಡೇ. ಆ ಒಂದರ ಕೊರತೆಯಿಂದ ಇಡೀ ಹಾಳೆಗೆ ಋಣ ಆವೇಶ ಬರುತ್ತೆ. ಅದನ್ನು ಸರಿದೂಗಿಸೋಕೆ ಸಂದಿಗಳಲ್ಲಿ ಸೋಡಿಯಂ, ಕ್ಯಾಲ್ಸಿಯಂನಂಥ ಧನ ಅಯಾನುಗಳು ಬಂದು ಕೂತಿರುತ್ತವೆ. ಇವು ಕಾಯಂ ನಿವಾಸಿಗಳಲ್ಲ, ಬಾಡಿಗೆದಾರರು. ಬೇರೆ ಧನ ಅಯಾನು ಬಂದರೆ ಜಾಗ ಬಿಟ್ಟುಕೊಡುತ್ತವೆ. ಮುಂದೆ ಬರುವ ಬಹುತೇಕ ಕತೆಗಳು ಈ ಬಾಡಿಗೆದಾರರ ಕತೆಗಳೇ.

ಹೆಸರುಗಳ ವಿಚಾರ ಬೇಗ ಮುಗಿಸುತ್ತೇನೆ. ಖನಿಜಕ್ಕೆ ಹೆಸರು ಬಂದಿದ್ದು ಫ್ರಾನ್ಸಿನ ಮಾಂಟ್‌ಮೊರಿಲಾನ್ ಊರಿಂದ, 1847ರಲ್ಲಿ. ಅಮೆರಿಕದ ವಯೋಮಿಂಗ್‌ನಲ್ಲಿ ಸಿಕ್ಕ ಮಣ್ಣಿಗೆ ವಿಲ್ಬರ್ ನೈಟ್ ಅನ್ನೋ ಭೂವಿಜ್ಞಾನಿ 1898ರಲ್ಲಿ, ಅದು ಸಿಕ್ಕ ಬೆಂಟನ್ ಶಿಲಾಸ್ತರದ ನೆನಪಿಗೆ, ಬೆಂಟೊನೈಟ್ ಅಂತ ಕರೆದ. ಜ್ವಾಲಾಮುಖಿಯ ಬೂದಿ ನೀರಿನಲ್ಲಿ ಬಿದ್ದು, ಬಹುಕಾಲದಲ್ಲಿ ಮಾರ್ಪಟ್ಟು ಆದ ಮಣ್ಣು ಅದು. ಭಾರತದಲ್ಲಿ ಗಣಿಗಾರಿಕೆಗೆ ಸಿಗುವುದು ಮುಖ್ಯವಾಗಿ ಗುಜರಾತಿನ ಕಛ್ ಮತ್ತು ರಾಜಸ್ಥಾನದ ಬಾಡ್‌ಮೇರ್ ಕಡೆ. ನಮ್ಮ ಉತ್ತರ ಕರ್ನಾಟಕದಲ್ಲಿ ಇದೇ ಗುಂಪಿನ ಖನಿಜ ಗಣಿಯಲ್ಲಿಲ್ಲ, ಹೊಲದಲ್ಲಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯ ಮೇಲೆ ಹರಿದ ಲಾವಾ ಕಪ್ಪು ಬಸಾಲ್ಟ್ ಕಲ್ಲಾಯಿತು. ಆ ಕಲ್ಲು ಸವೆದು ಬಂದ ಎರೆಭೂಮಿಯ ಜೇಡಿಯಲ್ಲಿ ದೊಡ್ಡ ಪಾಲು ಈ ಕುಟುಂಬದ್ದೇ.

ಗುಂಡಿ ಕಾಯುವ ರಾಡಿ

ನಾನು ಅಳೆಯುತ್ತಿದ್ದ ರಾಡಿಗೆ ಬರೋಣ. ಫ್ಲೈಓವರ್, ಮೆಟ್ರೋ ಕಂಬಗಳ ಕೆಳಗೆ ಪೈಲ್ ಹಾಕುವಾಗ ಹತ್ತಾರು ಮೀಟರ್ ಆಳದ ಗುಂಡಿ ಕೊರೆಯಬೇಕು. ಸಡಿಲ ಮಣ್ಣು, ಅಂತರ್ಜಲ ಸಿಕ್ಕರೆ ಗುಂಡಿಯ ಗೋಡೆ ಕುಸಿಯುತ್ತೆ. ಅದಕ್ಕೆ ಗುಂಡಿಯ ತುಂಬ ಬೆಂಟೊನೈಟ್ ಕಲಸಿದ ನೀರು ತುಂಬಿಸಿಡುತ್ತಾರೆ. ನೀರಿಗಿಂತ ತುಸು ಭಾರವಾದ ಈ ದ್ರವ ಗೋಡೆಯನ್ನು ಒಳಗಿನಿಂದ ಒತ್ತಿ ಹಿಡಿಯುತ್ತೆ. ಜೊತೆಗೆ ದ್ರವದ ನೀರು ಮಣ್ಣಿನೊಳಗೆ ಇಂಗಲು ಹೋದಾಗ ಜೇಡಿಯ ಹಾಳೆಗಳು ಗೋಡೆಗೆ ಅಂಟಿಕೊಂಡು ತೆಳು ಪೊರೆಯಾಗುತ್ತವೆ. ಸಗಣಿ ಸಾರಿಸಿದ ಹಾಗೆ. ಆಮೇಲೆ ಉದ್ದ ಕೊಳವೆ ಇಳಿಸಿ ಕಾಂಕ್ರೀಟನ್ನು ತಳದಿಂದ ತುಂಬುತ್ತಾ ಬಂದರೆ, ಹಗುರವಾದ ರಾಡಿ ಮೇಲೆದ್ದು ಹೊರಗೆ ಬರುತ್ತೆ. ಅದನ್ನು ಟ್ಯಾಂಕಿಗೆ ಹಿಡಿದು, ಮರಳು ತೆಗೆದು, ಮುಂದಿನ ಗುಂಡಿಗೆ ಬಳಸುತ್ತಾರೆ.

ಇದರಲ್ಲಿ ಒಂದು ಚೆಂದದ ಸಂಗತಿ ಇದೆ. ಪಂಪ್ ತಿರುಗುವಾಗ ರಾಡಿ ತೆಳ್ಳಗೆ ಹರಿಯುತ್ತೆ. ಪಂಪ್ ನಿಂತ ಸ್ವಲ್ಪ ಹೊತ್ತಿಗೆ ಜೆಲ್ಲಿಯ ಹಾಗೆ ಗಟ್ಟಿಯಾಗುತ್ತೆ. ಮತ್ತೆ ಕಲಕಿದರೆ ಮತ್ತೆ ನೀರು. ನಿಂತಾಗ ಹಾಳೆಗಳು ಒಂದಕ್ಕೊಂದು ತಗುಲಿಕೊಂಡು ಇಸ್ಪೀಟ್ ಎಲೆಯಲ್ಲಿ ಕಟ್ಟಿದ ಮನೆಯಂಥ ರಚನೆ ಮಾಡಿಕೊಳ್ಳುತ್ತವೆ, ಕಲಕಿದರೆ ಅದು ಬೀಳುತ್ತೆ. ಕೊರೆಯುವ ಕೆಲಸ ಮಧ್ಯೆ ನಿಂತರೂ ಮಣ್ಣಿನ ಚೂರುಗಳು ತಳಕ್ಕೆ ಇಳಿಯದೆ ತೇಲಿಕೊಂಡೇ ಇರಲು ಇದು ಕಾರಣ.

ಇದನ್ನು ಅಳೆಯುವ ಸಾಧನ ಬರೀ ಒಂದು ಆಲಿಕೆ, ಮಾರ್ಷ್ ಕೋನ್ ಅಂತಾರೆ. 946 ಮಿ.ಲೀ. ನೀರು ಅದರಿಂದ ಸೋರಲು 26 ಸೆಕೆಂಡ್ ಬೇಕು. ಒಳ್ಳೆ ರಾಡಿಗೆ ಅದಕ್ಕಿಂತ ಹೆಚ್ಚು. ನಾನು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ಕಾಲಿಗೆ ಗಮ್‌ಬೂಟ್ ಹಾಕಿಕೊಂಡು ಎರಡು ವರ್ಷ ಇದನ್ನೇ ಮಾಡಿದೆ. ಪತ್ರಿಕೋದ್ಯಮಕ್ಕೆ ಬರಲು ಅದೂ ಒಂದು ಕಾರಣ ಇರಬಹುದು. ರಾತ್ರಿ ಪಾಳಿಯಲ್ಲಿ ಉಳಿಕೆ ರಾಡಿಯನ್ನು ಟ್ಯಾಂಕರಿಗೆ ತುಂಬಿಸದೆ ಪಕ್ಕದ ಮಳೆನೀರು ಚರಂಡಿಗೆ ಬಿಟ್ಟಿದ್ದನ್ನೂ ನೋಡಿದ್ದೇನೆ. ಬೆಳಿಗ್ಗೆ ಅದು ಜೆಲ್ಲಿಯಾಗಿ ಕೂತಿರುತ್ತಿತ್ತು. ಮಳೆ ಬಂದಾಗ ರಸ್ತೆ ಯಾಕೆ ಕೆರೆಯಾಗುತ್ತೆ ಅಂತ ನಾವು ಆಮೇಲೆ ಚರ್ಚೆ ಮಾಡ್ತೀವಿ.

ಕಾರ್ಖಾನೆಯವರು ಸೋಡಿಯಂ ಸೇರಿಸ್ತಾರೆ, ರೈತರು ಹೊರಗಟ್ಟುತ್ತಾರೆ

ಸಂದಿಯಲ್ಲಿ ಕೂತಿರುವ ಬಾಡಿಗೆದಾರ ಯಾರು ಅನ್ನುವುದರ ಮೇಲೆ ಮಣ್ಣಿನ ಸ್ವಭಾವ ಬದಲಾಗುತ್ತೆ. ಕ್ಯಾಲ್ಸಿಯಂಗೆ ಎರಡು ಆವೇಶ, ಎರಡೂ ಕಡೆಯ ಹಾಳೆಗಳನ್ನು ಎಳೆದು ಹಿಡಿದಿಡುತ್ತೆ, ಉಬ್ಬು ಕಡಿಮೆ. ಸೋಡಿಯಂಗೆ ಒಂದೇ, ಹಿಡಿತ ಸಡಿಲ. ಹಾಳೆಗಳು ಬಿಟ್ಟುಕೊಂಡು ನೀರಿನಲ್ಲಿ ತೇಲುವಷ್ಟು ದೂರ ಸರಿಯುತ್ತವೆ. ಒಳ್ಳೆ ಸೋಡಿಯಂ ಬೆಂಟೊನೈಟ್ ಆದರೆ ಎರಡೇ ಗ್ರಾಂ ಪುಡಿಯನ್ನು ಅಳತೆ ಜಾಡಿಯ ನೀರಿಗೆ ಉದುರಿಸಿ ಒಂದು ದಿನ ಬಿಟ್ಟರೆ ಉಬ್ಬಿ 24 ಮಿ.ಲೀ. ಗುರುತು ಮುಟ್ಟಬೇಕು.

ಹಾಗಾಗಿ ಕಾರ್ಖಾನೆಯವರು ಕ್ಯಾಲ್ಸಿಯಂ ಬೆಂಟೊನೈಟ್ ಸಿಕ್ಕರೆ ಅದಕ್ಕೆ ವಾಷಿಂಗ್ ಸೋಡಾ ಬೆರೆಸಿ ಸೋಡಿಯಂ ಬೆಂಟೊನೈಟ್ ಮಾಡಿಕೊಳ್ಳುತ್ತಾರೆ. ಬೆಳಗಾವಿಯ ಫೌಂಡ್ರಿಗಳಿಗೆ ಹೋಗಿ ನೋಡಿ. ಕರಗಿದ ಕಬ್ಬಿಣ ಹೊಯ್ಯುವ ಅಚ್ಚು ಅಲ್ಲಿ ಮರಳಿನದ್ದು. ಮರಳು ತಾನಾಗಿ ನಿಲ್ಲಲ್ಲ. ನೂರು ಕೆಜಿ ಮರಳಿಗೆ ಐದರಿಂದ ಹತ್ತು ಕೆಜಿ ಬೆಂಟೊನೈಟ್, ಸ್ವಲ್ಪ ನೀರು ಹಾಕಿ ಕಲಸಿದರೆ ಪ್ರತಿ ಮರಳಿನ ಕಾಳಿಗೂ ಜೇಡಿಯ ಲೇಪ ಕೂತು ಅಚ್ಚು ನಿಲ್ಲುತ್ತೆ. ಕಬ್ಬಿಣದ ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಪೆಲೆಟ್ ಘಟಕಗಳಲ್ಲೂ ಇದೇ ಅಂಟು. ಅಲ್ಲಿ ಶೇ. 1ಕ್ಕಿಂತ ಕಡಿಮೆ ಸಾಕಾಗುತ್ತೆ.

ರೈತರದ್ದು ಸರಿಯಾಗಿ ತಿರುಗುಮುರುಗು. ತುಂಗಭದ್ರಾ, ಮಲಪ್ರಭಾ, ಕೃಷ್ಣಾ ಅಚ್ಚುಕಟ್ಟಿನಲ್ಲಿ "ಸವಳು-ಜವಳು" ಅನ್ನುವ ಮಾತು ಕೇಳದವರಿಲ್ಲ. ಕಾಲುವೆ ನೀರು ಹೆಚ್ಚಾಗಿ ನಿಂತು, ಬಸಿದುಹೋಗಲು ದಾರಿಯಿಲ್ಲದೆ, ಕೆಳಗಿನ ಉಪ್ಪು ಮೇಲೆ ಬರುತ್ತೆ. ಜೇಡಿಯ ಸಂದಿಗಳಲ್ಲಿ ಸೋಡಿಯಂ ಸೇರಿಕೊಂಡರೆ ಮಣ್ಣು ನೀರು ಬಿದ್ದಾಗ ಅಂಟುರಾಡಿ, ಒಣಗಿದಾಗ ಹೆಂಚು. ಬೇರಿಗೆ ಗಾಳಿಯಿಲ್ಲ. ಇಂಥ ಹೊಲಕ್ಕೆ ಜಿಪ್ಸಂ ಹಾಕಿ ಅಂತ ಕೃಷಿ ವಿಜ್ಞಾನಿಗಳು ಹೇಳುವುದು ಗೊಬ್ಬರದ ಅರ್ಥದಲ್ಲಲ್ಲ. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿದು ಅದನ್ನು ಹೊರಗಟ್ಟಲಿ ಅಂತ. ಹೊರಬಂದ ಸೋಡಿಯಂ ಕೊಚ್ಚಿಹೋಗಲು ಬಸಿಗಾಲುವೆ ಇರಲೇಬೇಕು. ಬರೀ ಜಿಪ್ಸಂ ಚೀಲ ಹಂಚಿ ಬಸಿಗಾಲುವೆ ಮಾಡದಿದ್ದರೆ ಬಾಡಿಗೆದಾರ ಮನೆ ಬಿಟ್ಟು ಜಗಲಿಯಲ್ಲೇ ಕೂತ ಹಾಗಾಗುತ್ತೆ.

ಎರೆ ಬರೀ ತೊಂದರೆಯ ಮಣ್ಣು ಅಂತ ಓದುಗರು ಅಂದುಕೊಳ್ಳಬಾರದು. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆ ಬರುವುದೇ ಈ ಉಬ್ಬುಗುಣದಿಂದ. ಬೇಸಿಗೆಯ ಬಿರುಕುಗಳಲ್ಲಿ ಮೊದಲ ಮಳೆ ನೇರ ಕೆಳಗಿಳಿಯುತ್ತೆ, ಆಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತೆ. ಮಳೆ ನಿಂತ ಮೇಲೂ ಆ ತೇವದಲ್ಲೇ ಜೋಳ ತೆನೆ ಕಟ್ಟುತ್ತೆ. ಬಿರುಕಿನೊಳಗೆ ಮೇಲ್ಮಣ್ಣು ಬಿದ್ದು, ಉಬ್ಬಿದಾಗ ಕೆಳಗಿನದು ಮೇಲೆ ಬಂದು, ಈ ಮಣ್ಣು ತನ್ನನ್ನು ತಾನೇ ಮಗುಚಿಕೊಳ್ಳುತ್ತಿರುತ್ತೆ. ಮಣ್ಣುವಿಜ್ಞಾನದಲ್ಲಿ ಇದಕ್ಕಿರುವ ವರ್ಟಿಸಾಲ್ ಅನ್ನೋ ಹೆಸರು ಲ್ಯಾಟಿನ್‌ನ "ತಿರುಗಿಸು" ಅನ್ನುವ ಪದದಿಂದಲೇ ಬಂದದ್ದು. ಕಷ್ಟ ಅಂದರೆ ಹದ. ಇವತ್ತು ಕಾಲಿಟ್ಟರೆ ಚಪ್ಪಲಿ ಕಿತ್ತುಕೊಳ್ಳುತ್ತೆ, ನಾಲ್ಕು ದಿನ ತಡವಾದರೆ ಕುಂಟೆ ಇಳಿಯಲ್ಲ. ನಡುವೆ ಸಿಗುವ ಆ ಕೆಲವೇ ದಿನ ಹಿಡಿಯೋಕೆ ಆಕಾಶ ನೋಡಿಕೊಂಡು ಕೂರಬೇಕು. ಮತ್ತೊಂದು ಮಾತು, ಈ ಮಣ್ಣು ಹಿಡಿದ ನೀರನ್ನೆಲ್ಲ ಬೇರಿಗೆ ಬಿಟ್ಟುಕೊಡುವುದಿಲ್ಲ. ಮುಟ್ಟಿದರೆ ತಂಪು ಇರುತ್ತೆ, ಬೆಳೆ ಬಾಡಿರುತ್ತೆ.

ಅಡುಗೆಎಣ್ಣೆಯಿಂದ ಬೆಕ್ಕಿನ ತನಕ

ಮನೆಯೊಳಗೆ ಗೊತ್ತಿಲ್ಲದೇ ಈ ಜೇಡಿಯ ಕೈವಾಡ ಬಹಳ. ರಿಫೈನ್ಡ್ ಎಣ್ಣೆಯ ತಿಳಿ ಬಣ್ಣ ಬರುವುದು ಆಮ್ಲದಲ್ಲಿ ತೊಳೆದ ಬೆಂಟೊನೈಟ್ ಪುಡಿಯಿಂದ. ಬಿಸಿ ಎಣ್ಣೆಗೆ ಸ್ವಲ್ಪ ಪುಡಿ ಹಾಕಿದರೆ ಹಸಿರು, ಹಳದಿ ಬಣ್ಣದ ಅಂಶ, ಉಳಿದ ಸೋಪು ಎಲ್ಲ ಅದರ ಮೈಗೆ ಅಂಟುತ್ತೆ. ಆಮೇಲೆ ಸೋಸಿ ತೆಗೀತಾರೆ. ವೈನ್ ತಯಾರಿಕೆಯಲ್ಲಿ ಮಬ್ಬು ಉಂಟುಮಾಡುವ ಪ್ರೋಟೀನನ್ನು ತೆಗೆಯುವುದೂ ಹೀಗೇ. ಮನೆಯ ಅರ್ತಿಂಗ್ ಗುಂಡಿಗೆ ಇದ್ದಲು-ಉಪ್ಪಿನ ಬದಲು ಇದನ್ನು ತುಂಬುತ್ತಾರೆ, ಯಾಕಂದರೆ ತೇವ ಹಿಡಿದಿಟ್ಟುಕೊಳ್ಳುತ್ತೆ, ಅಯಾನುಗಳಿರುವುದರಿಂದ ವಿದ್ಯುತ್ ಹಾಯುತ್ತೆ, ಉಪ್ಪಿನ ಹಾಗೆ ಕಬ್ಬಿಣವನ್ನು ಅಷ್ಟು ಬೇಗ ತಿನ್ನುವುದಿಲ್ಲ. ಬೋರ್‌ವೆಲ್‌ನ ಕೇಸಿಂಗ್ ಪೈಪಿನ ಸುತ್ತ ಮೇಲ್ಭಾಗದ ಸಂದಿಗೆ ಬೆಂಟೊನೈಟ್ ಹರಳು ತುಂಬಿದರೆ ಚರಂಡಿ ನೀರು ಪೈಪ್ ಪಕ್ಕದಲ್ಲೇ ಜಾರಿ ಕೆಳಗಿಳಿಯುವುದು ತಪ್ಪುತ್ತೆ. ನಮ್ಮೂರುಗಳಲ್ಲಿ ನಾನು ನಿಂತು ನೋಡಿದ ಬೋರ್‌ಗಳಲ್ಲಿ ಒಂದಕ್ಕೂ ಇದನ್ನು ಹಾಕಿದ್ದು ಕಂಡಿಲ್ಲ. ಹೊರಗೆ ತೆಗೆದ ಮಣ್ಣನ್ನೇ ಕಾಲಲ್ಲಿ ತಳ್ಳುತ್ತಾರೆ.

ಬೆಕ್ಕಿನ ಮಣ್ಣಿನದು ಸ್ವಾರಸ್ಯದ ಕತೆ. 1947ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಎಡ್ ಲೋವ್ ಎಂಬಾತ ನೆರೆಮನೆಯಾಕೆಗೆ ಬೂದಿ, ಮರಳಿನ ಬದಲು ಫುಲ್ಲರ್ಸ್ ಅರ್ತ್ ಕೊಟ್ಟ. ಅದೇ ಒಂದು ಉದ್ಯಮವಾಯಿತು. ಫುಲ್ಲರ್ಸ್ ಅರ್ತ್ ಅಂದರೆ ಉಣ್ಣೆಯ ಜಿಡ್ಡು ತೆಗೆಯಲು ಬಳಸುತ್ತಿದ್ದ ಮಣ್ಣು. ನಮ್ಮ ಮುಲ್ತಾನಿ ಮಿಟ್ಟಿ ಅದರ ಬಂಧು. ಒದ್ದೆಯಾದ ಕಡೆ ಮಾತ್ರ ಉಂಡೆ ಕಟ್ಟುವ ಈಗಿನ ಹರಳು ಬಂದದ್ದು 1980ರ ದಶಕದಲ್ಲಿ, ಅದು ಸೋಡಿಯಂ ಬೆಂಟೊನೈಟ್. ಬೆಕ್ಕು ಸಾಕಿದ ಗೆಳೆಯರಿಗೆ ಒಂದು ವಿನಂತಿ: ದಯವಿಟ್ಟು ಅದನ್ನು ಕಮೋಡಿಗೆ ಹಾಕಿ ಫ್ಲಶ್ ಮಾಡಬೇಡಿ. ಗುಂಡಿಯ ಗೋಡೆ ಹಿಡಿದು ನಿಲ್ಲಿಸುವ ವಸ್ತು ಅದು, ನಿಮ್ಮ ನಾಲ್ಕಿಂಚಿನ ಪೈಪ್ ಯಾವ ಲೆಕ್ಕ? ಸುರಿಯುವಾಗ ಏಳುವ ದೂಳನ್ನೂ ಉಸಿರಿಗೆ ಎಳೆದುಕೊಳ್ಳಬೇಡಿ. ಈ ಮಣ್ಣಿನಲ್ಲಿ ಸ್ಫಟಿಕ ರೂಪದ ಸಿಲಿಕಾ ಕೂಡ ಇರಬಹುದು. ಮನೆಯಲ್ಲಿ ಅದು ಸಣ್ಣ ವಿಷಯ, ಫೌಂಡ್ರಿಯಲ್ಲಿ ಜೀವಮಾನವಿಡೀ ದೂಳಿನಲ್ಲಿ ನಿಲ್ಲುವವರಿಗೆ ಸಣ್ಣದಲ್ಲ.

ಮುಖಕ್ಕೆ ಸರಿ, ಹೊಟ್ಟೆಗೆ?

ಮುಲ್ತಾನಿ ಮಿಟ್ಟಿ ಹಚ್ಚಿದರೆ ಚರ್ಮದ ಎಣ್ಣೆ ಹೀರುತ್ತೆ, ಒಣಗುವಾಗ ಕುಗ್ಗುವುದರಿಂದ ಮುಖ ಬಿಗಿದ ಹಾಗಾಗುತ್ತೆ. ಇಷ್ಟು ನಿಜ. "ಚರ್ಮದ ಒಳಗಿನ ವಿಷ ಎಳೆಯುತ್ತೆ" ಅನ್ನುವುದಕ್ಕೆ ಆಧಾರವಿಲ್ಲ. ಹಾಳೆಗಳ ಋಣ ಆವೇಶಕ್ಕೆ ಮೈತಾಗಿದ್ದು ಅಂಟುತ್ತೆ, ಚರ್ಮ ದಾಟಿ ರಕ್ತದಿಂದ ಏನನ್ನೋ ಸೆಳೆಯುವ ಆಯಸ್ಕಾಂತ ಅದಲ್ಲ. ಒಣಚರ್ಮದವರು ಪೂರ್ತಿ ಒಣಗುವ ಮುಂಚೆ ತೊಳೆದುಕೊಳ್ಳುವುದು ಒಳ್ಳೆಯದು.

ಕುಡಿಯುವ ಬೆಂಟೊನೈಟ್ ಬಗ್ಗೆ ಮಾತ್ರ ನನಗೆ ಸಿಟ್ಟಿದೆ. ಅಂಟಿಸಿಕೊಳ್ಳುವ ಗುಣ ಹೊಟ್ಟೆಯಲ್ಲೂ ಕೆಲಸ ಮಾಡುತ್ತೆ, ಸುಳ್ಳಲ್ಲ. ಶಿಲೀಂಧ್ರ ಹಿಡಿದ ಶೇಂಗಾ, ಮೆಕ್ಕೆಜೋಳದಲ್ಲಿ ಬರುವ ಅಫ್ಲಾಟಾಕ್ಸಿನ್ ವಿಷವನ್ನು ಹಿಡಿಯಲೆಂದು ಕೋಳಿ, ದನಗಳ ಮೇವಿಗೆ ಇದನ್ನು ಬೆರೆಸುತ್ತಾರೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಧನ ಆವೇಶದ್ದು. ಅದು ಹೊಲದ ಮಣ್ಣಿಗೆ ಬಿದ್ದಾಗ ಜೇಡಿ ಅದನ್ನು ಗಟ್ಟಿಯಾಗಿ ಹಿಡಿದಿಡುತ್ತೆ, ಹಾಗಾಗಿಯೇ ಅದನ್ನು ನುಂಗಿದವರಿಗೆ ಆಸ್ಪತ್ರೆಯಲ್ಲಿ ಫುಲ್ಲರ್ಸ್ ಅರ್ತ್ ಕೊಡುವ ರೂಢಿ ಬಂತು. ಕರುಳಿನಲ್ಲಿ ಉಳಿದಿದ್ದನ್ನಷ್ಟೇ ಅದು ಹಿಡಿಯಬಲ್ಲದು, ರಕ್ತಕ್ಕೆ ಹೋದದ್ದಕ್ಕೆ ಅದು ಮದ್ದಲ್ಲ. ಪ್ಯಾರಾಕ್ವಾಟ್‌ಗೆ ಪ್ರತಿವಿಷವೇ ಇಲ್ಲ. ಯಾರಾದರೂ ನುಂಗಿದ್ದಾರೆ ಅಂತ ಗೊತ್ತಾದರೆ ಮನೆಮದ್ದಿನಲ್ಲಿ ಒಂದು ನಿಮಿಷವನ್ನೂ ಕಳೆಯದೆ ಆಸ್ಪತ್ರೆಗೆ ಓಡಬೇಕು.

ಆದರೆ ಆರೋಗ್ಯವಂತರು ಯಾಕೆ ಕುಡಿಯಬೇಕು? ಜೇಡಿಗೆ ವಿಷ ಯಾವುದು, ಪೋಷಕಾಂಶ ಯಾವುದು ಅಂತ ಗೊತ್ತಾಗಲ್ಲ. ಕಬ್ಬಿಣಾಂಶವನ್ನೂ ಹಿಡಿಯುತ್ತೆ, ನೀವು ನುಂಗಿದ ಮಾತ್ರೆಯನ್ನೂ ಹಿಡಿಯುತ್ತೆ. ಮಣ್ಣಿನಲ್ಲಿ ಸಹಜವಾಗಿ ಸೀಸವೂ ಇರಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ಎರಡು ಬೆಂಟೊನೈಟ್ ಉತ್ಪನ್ನಗಳಲ್ಲಿ ಸೀಸ ಇದೆ, ಬಳಸಬೇಡಿ ಅಂತ ಎಚ್ಚರಿಕೆ ಕೊಟ್ಟಿತು. ಫ್ರಾನ್ಸಿನಲ್ಲಿ ಭೇದಿಗೆ ಇದೇ ಗುಂಪಿನ ಜೇಡಿಯನ್ನು ದಶಕಗಳಿಂದ ಔಷಧವಾಗಿ ಕೊಡುತ್ತಾರೆ. ಅಲ್ಲಿನ ಔಷಧ ಸಂಸ್ಥೆಯೇ 2019ರಲ್ಲಿ, ಸೀಸದ ಅಂಶದ ಕಾರಣಕ್ಕೆ, ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡ ಅಂದಿತು.

ಬಸುರಿಯರು ಮಣ್ಣು ತಿನ್ನುವುದು ನಮ್ಮ ಕಡೆ ಹೊಸದಲ್ಲ. "ಬಯಕೆ" ಅಂತ ನಕ್ಕು ಸುಮ್ಮನಾಗುತ್ತೇವೆ. ಮಣ್ಣು ತಿನ್ನಬೇಕು ಅನ್ನಿಸುವುದು ಎಷ್ಟೋ ಸಲ ರಕ್ತಹೀನತೆಯ ಲಕ್ಷಣ. ಎರೆಮಣ್ಣಿನಂಥ ಜೇಡಿ ತಿಂದರೆ ಊಟದಲ್ಲಿ ಬಂದ ಕಬ್ಬಿಣಾಂಶಕ್ಕೂ ಕುತ್ತು. ಮನೆಯಲ್ಲಿ ಯಾರಿಗಾದರೂ ಹೀಗಾಗುತ್ತಿದ್ದರೆ ಬೈಯ್ಯುವ ಬದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತೆ.

ಪಾಯ ತೋಡುವ ಮುಂಚೆ

ಮತ್ತೆ ಮಾಮಾನ ಮನೆಗೆ. ಎರೆಯ ಮೇಲೆ ಒಂದಂತಸ್ತಿನ ಮನೆ ಕಟ್ಟುವುದು, ಉಸಿರಾಡುವ ಎದೆಯ ಮೇಲೆ ತಟ್ಟೆ ಇಟ್ಟ ಹಾಗೆ. ಮನೆಯ ನಡುಭಾಗದ ಕೆಳಗಿನ ಮಣ್ಣಿಗೆ ಬಿಸಿಲೂ ಇಲ್ಲ, ಮಳೆಯೂ ಇಲ್ಲ, ಹೆಚ್ಚುಕಡಿಮೆ ಒಂದೇ ತೇವದಲ್ಲಿರುತ್ತೆ. ಹೊರಗೋಡೆಯ ಕೆಳಗಿನ ಮಣ್ಣು ಬೇಸಿಗೆಯಲ್ಲಿ ಕುಗ್ಗುತ್ತೆ, ಮಳೆಗಾಲದಲ್ಲಿ ಉಬ್ಬುತ್ತೆ. ಅಂಚು ಇಳಿಯುತ್ತೆ, ಏರುತ್ತೆ, ನಡು ಕದಲಲ್ಲ. ಗೋಡೆ ಅದರ ತೀರಾ ದುರ್ಬಲ ಜಾಗದಲ್ಲಿ, ಅಂದರೆ ಕಿಟಕಿ-ಬಾಗಿಲಿನ ಮೂಲೆಯಲ್ಲಿ, ಓರೆಯಾಗಿ ಸೀಳುತ್ತೆ. ಗೌಂಡಿ ಎಷ್ಟೇ ಸಿಮೆಂಟ್ ಹಾಕಿದ್ದರೂ ಸೀಳುತ್ತಿತ್ತು. ಹಗುರ ಮನೆಗೇ ಕಾಟ ಹೆಚ್ಚು, ಮೇಲೆತ್ತುವ ಮಣ್ಣನ್ನು ಅದುಮಿ ಹಿಡಿಯುವಷ್ಟು ತೂಕ ಅದಕ್ಕಿರುವುದಿಲ್ಲ. ನಮ್ಮಜ್ಜನ ಮಣ್ಣಿನ ಮನೆ ಇದೇ ನೆಲದಲ್ಲಿ ನಿಂತಿತ್ತಲ್ಲ ಅಂತ ಮಾಮಾ ಕೇಳಿದ್ದರು. ಅದೂ ಬಿರುಕು ಬಿಡುತ್ತಿತ್ತು, ವರ್ಷಾ ವರ್ಷಾ ಮೆತ್ತುತ್ತಿದ್ದರು. ಮಣ್ಣಿನ ದಪ್ಪ ಗೋಡೆ ಬಾಗುತ್ತೆ, ಸಿಮೆಂಟ್ ಗೋಡೆ ಒಡೆಯುತ್ತೆ.

ಮಣ್ಣು ಎಷ್ಟು ಉಬ್ಬುತ್ತೆ ಅಂತ ನೋಡುವ ಪರೀಕ್ಷೆ ಬಹಳ ಸರಳ, ಐಎಸ್ 2720ರ 40ನೇ ಭಾಗದಲ್ಲಿದೆ. ಒಣಗಿಸಿ ಜರಡಿ ಹಿಡಿದ ಮಣ್ಣು ಹತ್ತು ಹತ್ತು ಗ್ರಾಂ ಎರಡು ಅಳತೆ ಜಾಡಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆ ಜೇಡಿಯ ಸಂದಿಗೆ ನುಗ್ಗಿ ಉಬ್ಬಿಸುವುದಿಲ್ಲ. ಒಂದು ದಿನ ಬಿಟ್ಟು ನೋಡಿದರೆ ಎರಡರ ವ್ಯತ್ಯಾಸವೇ ಉಬ್ಬಿನ ಸೂಚ್ಯಂಕ. ಶೇ. 50ರೊಳಗಿದ್ದರೆ ಹೆಚ್ಚು ಚಿಂತೆಯಿಲ್ಲ, 100 ದಾಟಿದರೆ ಪಾಯದ ವಿನ್ಯಾಸವೇ ಬದಲಾಗಬೇಕು, 200 ದಾಟಿದರೆ ಗಂಭೀರ. ಸಿವಿಲ್ ವಿಭಾಗ ಇರುವ ಇಂಜಿನಿಯರಿಂಗ್ ಕಾಲೇಜುಗಳ ಮಣ್ಣು ಪ್ರಯೋಗಾಲಯದಲ್ಲಿ ಇದನ್ನು ವಿದ್ಯಾರ್ಥಿಗಳೇ ಮಾಡುತ್ತಾರೆ. ಮನೆಯ ಖರ್ಚಿನ ಮುಂದೆ ಈ ಖರ್ಚು ಏನೂ ಅಲ್ಲ.

ಪರಿಹಾರಗಳೂ ಹೊಸವಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಅಂಡರ್-ರೀಮ್ಡ್ ಪೈಲ್ ಇದೆ: ಋತುಮಾನದ ಏರಿಳಿತ ತಲುಪದ ಆಳಕ್ಕೆ, ಸಾಮಾನ್ಯವಾಗಿ ಮೂರೂವರೆ ಮೀಟರ್‌ಗೆ, ಸಣ್ಣ ಗುಂಡಿ ಕೊರೆದು ತಳದಲ್ಲಿ ಅದನ್ನು ಎರಡೂವರೆ ಪಟ್ಟು ಅಗಲ ಮಾಡಿ ಕಾಂಕ್ರೀಟ್ ತುಂಬುವುದು. ಮಣ್ಣು ಮೇಲೆತ್ತಲು ನೋಡಿದರೂ ಬುಡದ ಗಡ್ಡೆ ಹಿಡಿದುಕೊಳ್ಳುತ್ತೆ. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಎರೆಮಣ್ಣಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ, ಮೇಲಿನ ಸುಮಾರು ಒಂದು ಮೀಟರ್ ಎರೆ ತೆಗೆದು ಉಬ್ಬದ ಅಂಟುಮಣ್ಣನ್ನು ಹದವಾಗಿ ದಮ್ಮಸು ಮಾಡಿ ತುಂಬುವ ವಿಧಾನ ಕೊಟ್ಟರು. ಮಲಪ್ರಭಾ ಕಾಲುವೆಯಲ್ಲಿ ಅದು ಬಳಕೆಯಾಗಿದೆ, ಅಂದರೆ ಮಾಮಾನ ಹೊಲದ ಪಕ್ಕದ ಜ್ಞಾನ ಅದು. ಅಂಟುಳ್ಳ ಗರಸು ಮಣ್ಣು ಸಿಗುವ ಊರುಗಳಲ್ಲಿ ಮನೆಗೂ ಇದು ಆಗುತ್ತೆ. ಬರೀ ಮರಳು ತುಂಬುವುದು ಬೇಡ, ಮರಳು ನೀರನ್ನು ಕೆಳಗಿನ ಎರೆಗೆ ತಲುಪಿಸುತ್ತೆ. ಶೇ. 3ರಿಂದ 6 ಸುಣ್ಣ ಬೆರೆಸುವುದು ಇನ್ನೊಂದು ದಾರಿ. ಸುಣ್ಣದ ಕ್ಯಾಲ್ಸಿಯಂ ಸಂದಿಗೆ ಹೋಗಿ ಕೂರುತ್ತೆ, ಕಾಲ ಕಳೆದಂತೆ ಸಿಮೆಂಟಿನ ಹಾಗೆ ಗಟ್ಟಿಯೂ ಆಗುತ್ತೆ.

ಕಟ್ಟಿ ಮುಗಿದ ಮನೆಗೆ ಮಾಡಬಹುದಾದ್ದು ಒಂದೇ, ಗೋಡೆಯ ಸುತ್ತಲಿನ ತೇವ ಏರುಪೇರಾಗದಂತೆ ನೋಡಿಕೊಳ್ಳುವುದು. ಸುತ್ತಲೂ ಇಳಿಜಾರಿನ ಕಾಂಕ್ರೀಟ್ ಕಟ್ಟೆ, ಮಾಳಿಗೆ ನೀರು ಮತ್ತು ಬಚ್ಚಲ ನೀರು ಪೈಪಿನಲ್ಲಿ ದೂರ, ದೊಡ್ಡ ಮರ ಗೋಡೆಗೆ ಹತ್ತಿರ ಬೇಡ.

ಮಾಮಾನ ಮನೆಯಲ್ಲಿ ಬಚ್ಚಲ ನೀರು ಬೀಳುತ್ತಿದ್ದದ್ದು ಸರಿಯಾಗಿ ಆ ಅಡುಗೆಮನೆ ಮೂಲೆಗೆ. ಅಲ್ಲೊಂದು ಕರಿಬೇವಿನ ಗಿಡ, ಬಾಳೆ. ಹೋದ ವರ್ಷ ಇದನ್ನೆಲ್ಲ ಕೂತು ವಿವರಿಸಿದೆ. ಪೂರ್ತಿ ಕೇಳಿದರು. "ಇದನ್ನ ಪಾಯಾ ತೆಗೆಯೋ ದಿನಾನ ಯಾಕ ಹೇಳಲಿಲ್ಲೋ ತಮ್ಮಾ?" ಅಂದರು. "ಮಾಮಾ, ಆವಾಗ ನನಗ ತಲ್ಯಾಗ ಬರಲಿಲ್ಲ ನೋಡ್ರಿ" ಅಂದೆ. ಅವರು ಪ್ರತಿ ಏಪ್ರಿಲ್‌ನಲ್ಲಿ ಆ ಬಿರುಕಿಗೆ ಸಿಮೆಂಟ್ ತುಂಬುತ್ತಿದ್ದರಂತೆ. ಅದೂ ತಪ್ಪೇ. ಪೂರ್ತಿ ಬಾಯಿ ಬಿಟ್ಟಾಗ ಗಟ್ಟಿ ಸಿಮೆಂಟ್ ತುಂಬಿದರೆ ಮಳೆಗಾಲದಲ್ಲಿ ಮುಚ್ಚಿಕೊಳ್ಳಲು ಜಾಗವಿಲ್ಲದೆ ಅದು ಪಕ್ಕದ ಗೋಡೆಯನ್ನೇ ತಳ್ಳುತ್ತೆ.

ಈಗ ಬಚ್ಚಲ ನೀರಿಗೆ ಪೈಪ್ ಹಾಕಿ ಹಿತ್ತಲ ಕೊನೆಗೆ ಬಿಟ್ಟಿದ್ದಾರೆ. ಬಾಳೆ ಅಲ್ಲೇ ಹೋಯಿತು. ಬಿರುಕಿನ ಎರಡು ಬದಿಗೆ ಪೆನ್ಸಿಲ್ ಗೆರೆ ಎಳೆದು ತಿಂಗಳಿಗೊಮ್ಮೆ ಸ್ಕೇಲ್ ಹಿಡಿದು ಅಳೆದು, ಗೋಡೆಯ ಮೇಲೇ ದಿನಾಂಕ ಬರೆಯುತ್ತಾರೆ. ಈ ಏಪ್ರಿಲ್‌ನ ಅಳತೆ ಎರಡೂವರೆ ಮಿಲಿಮೀಟರ್, ಹೋದ ಏಪ್ರಿಲ್‌ಗಿಂತ ಕಡಿಮೆ. ಗೌಂಡಿಯ ಮಗಳ ಮದುವೆ ಕಾರ್ಡ್ ಬಂದಿದೆ ಅಂತ ಮೊನ್ನೆ ಫೋನಿನಲ್ಲಿ ಹೇಳಿದರು. ಹೋಗ್ತೀನಿ ಅಂತಲೂ ಅಂದರು.